ಹದಿನೈದು ಬಾಟಲಿಯ ಭಾರ

ಆರು ವರ್ಷ ನೂರ ಮೂವತ್ತು ದಾಟದಿದ್ದ ಸಕ್ಕರೆ ಈ ಸಲ ಇನ್ನೂರ ಅರವತ್ತಕ್ಕೆ ಏರಿತ್ತು. ಡಾಕ್ಟರಮ್ಮ ರಿಪೋರ್ಟಿನಿಂದ ತಲೆಯೆತ್ತಿ ಮುದುಕಿಯನ್ನು ನೋಡಿದರು.

“ಸಿಹಿ ತಿಂದ್ರಾ ಅಜ್ಜಿ?”

“ಇಲ್ಲ ಕಣವ್ವ. ಮಾತ್ರೆನೂ ತಪ್ಸಿಲ್ಲ. ಉಣ್ಣೋದು ಅದೇ ಮುದ್ದೆ, ಸೊಪ್ಪಿನ ಸಾರು.”

“ಹಾಗಾದ್ರೆ ಮೈಗೆ ಕೆಲಸ ಸಾಲ್ತಿಲ್ಲ.” ಡಾಕ್ಟರಮ್ಮ ಎರಡು ಲೀಟರಿನ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. “ದಿನಾ ಮನೇಲಿ ಇದನ್ನ ಹಿಡ್ಕೊಂಡು ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಳ್ಳಿ. ಸುಸ್ತಾದ್ರೆ ನಿಲ್ಸಿ.”

ಮುದುಕಿ ಅಲ್ಲೇ ಇಪ್ಪತ್ತು ಸಲ ಎದ್ದು ಕೂತಳು. ಏದುಸಿರೂ ಬರಲಿಲ್ಲ.

“ಇಷ್ಟು ಶಕ್ತಿ ಎಲ್ಲಿಂದ ಬಂತು ಅಜ್ಜಿ?”

“ದಿನಕ್ಕೆ ಆರೇಳು ಸಲ ಎತ್ತಿ ಇಳಿಸ್ತಿದ್ನಲ್ಲವ್ವ, ನಲವತ್ತು ವರ್ಷ. ಇಂಥ ಹದಿನೈದು ಬಾಟಲಿ ಭಾರ.”

“ನೀರು ಹೊರ್ತಿದ್ರಾ? ಯಾಕೆ ಬಿಟ್ರಿ? ಅದರಿಂದ್ಲೇ ನಿಮ್ಮ ಸಕ್ಕರೆ ಹಿಡಿತದಲ್ಲಿದ್ದಿದ್ದು. ಇವತ್ತಿಂದ್ಲೇ ಮತ್ತೆ ಶುರು ಮಾಡಿ.”

ಮುದುಕಿ ಬಾಟಲಿಯನ್ನು ಇನ್ನೂ ಸೊಂಟಕ್ಕೆ ಒತ್ತಿ ಹಿಡಿದಿದ್ದಳು.

“ನೀರಲ್ಲ ಕಣವ್ವ, ನನ್ನ ಮಗಳು. ಹುಟ್ಟಿದಾಗಿಂದ ಒಂದು ದಿನಾನೂ ಕಾಲೂರಿದವಳಲ್ಲ. ಯುಗಾದಿ ಮಾರನೇ ದಿನ ಮಣ್ಣು ಮಾಡಿದ್ವಿ.”