ತೊಳೆದ ಡಬ್ಬಿ

"ಹಂಸಾ ಅವರ, ನಿಮ್ಮ ಕತಿ ಓದಿದೆ," ಎಂದಳು ಸಿರಿ. ಮುಖದಲ್ಲಿ ನಗುವಿರಲಿಲ್ಲ.

ಹಂಸಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವಳ ಕಥೆಯಿದ್ದ ಕನ್ನಡ ಸಂಘದ ದೀಪಾವಳಿ ಸಂಚಿಕೆ ಅಂದು ಬೆಳಿಗ್ಗೆಯಷ್ಟೇ ಬಿಡುಗಡೆಯಾಗಿತ್ತು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದವರೆಲ್ಲ ಅವಳನ್ನು ಹುಡುಕಿಕೊಂಡು ಬಂದು ಹೊಗಳುತ್ತಿದ್ದರು. "ಎಷ್ಟು ರಿಯಲ್ ಆಗಿದೆ ಕಣಮ್ಮ! ನಮ್ಮ ಪಕ್ಕದ್ಮನೇಲೇ ನಡೆದಂಗಿದೆ," ಎಂದು ಗೌರಮ್ಮ ಆಂಟಿ ಗಲ್ಲ ಹಿಡಿದು ಹೇಳಿ ಹೋಗಿದ್ದರು. ನಡೆದದ್ದು ಪಕ್ಕದ ಮನೆಯಲ್ಲೇ ಎಂದು ಹಂಸಾ ಬಾಯಿ ಬಿಟ್ಟಿರಲಿಲ್ಲ.

ಆ ವರ್ಷ ಅವಳು ಊರಿನ ಲೈಬ್ರರಿಯಲ್ಲಿ ಅಮೆರಿಕನ್ ರಿಯಲಿಸಂ ತರಗತಿಗೆ ಸೇರಿದ್ದಳು. ಅಲ್ಲಿನ ಪಾಠ ಇಷ್ಟು: ರಾಜಕುಮಾರ ಬೇಡ, ಪವಾಡ ಬೇಡ, ಪಕ್ಕದ ಮನೆಯ ಮನುಷ್ಯ ಸಾಕು. ಅವನು ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಅಯ್ಯೋ ಪಾಪ ಎಂದು ನೀವು ಅನ್ನಬೇಡಿ. ನಿಜವಾದ ಒಂದೇ ಒಂದು ವಿವರ ಕೊಡಿ, ಓದುಗರೇ ಅಂದುಕೊಳ್ಳುತ್ತಾರೆ. ಇಷ್ಟೆಲ್ಲ ಕಲಿತ ಮೇಲೆ ಕೈ ಸುಮ್ಮನಿರುತ್ತದೆಯೇ? ಅದೇ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಸಿರಿಯ ಗಂಡ ಶಿವಕಿರಣ್ ಕಣ್ಣಿಗೆ ಬಿದ್ದ.

ಅವನಿಗೆ ಲೇ-ಆಫ್ ಆಗಿ ತಿಂಗಳುಗಳೇ ಕಳೆದಿದ್ದವು. ಆದರೂ ದಿನಾ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಪಾರ್ಸಿಪನಿಯ ಆಫೀಸಿಗೆಂದು ಮನೆಯಿಂದ ಹೊರಟು, ಇಲ್ಲಿ ಬಂದು ಕೂರುತ್ತಿದ್ದ. ಹೆಂಡತಿ ಕಟ್ಟಿದ ಡಬ್ಬಿಯನ್ನು ಕಾರಿನಲ್ಲೇ ಉಂಡು, ಒಳಗೆ ಬಂದು ರೆಸ್ಟ್‌ರೂಮಿನ ನಲ್ಲಿಯಲ್ಲಿ ತೊಳೆದು, ಒರೆಸಿ, ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದ. "ಸಿರಿಗೆ ಹೇಳಬ್ಯಾಡ್ರಿ," ಎಂದು ಕೈ ಮುಗಿದಿದ್ದ. "ಛೆ ಛೆ, ಹೇಳ್ತೀನಾ?" ಎಂದಿದ್ದಳು ಹಂಸಾ. ಹೇಳಲೂ ಇಲ್ಲ, ಪುಣ್ಯಾತ್ಗಿತ್ತಿ. ಬರೆದಳು.

"ಆ ಡಬ್ಬಿ ತೊಳಿಯೂದು ಖರೇನ?" ಸಿರಿ ಕೇಳಿದಳು.

ಹಂಸಾ ಸುತ್ತ ಒಮ್ಮೆ ನೋಡಿದಳು. "ಕಥೆ ಅಲ್ವಾ ಸಿರಿ... ಹೆಸರು, ಊರು, ಕಾರು ಎಲ್ಲಾ ಚೇಂಜ್ ಮಾಡಿದ್ದೀನಲ್ಲ."

"ಡಬ್ಬಿ ಒಂದನ್ನ ಹಂಗ ಬಿಟ್ಟೀರಿ."

ಹೌದು, ಬಿಟ್ಟಿದ್ದಳು. ತೆಗೆಯೋಣವೆಂದು ಒಮ್ಮೆ ಹೊಡೆದು ಹಾಕಿದ್ದೂ ಉಂಟು. ಆದರೆ ಕಥೆಯ ಜೀವವೇ ಅದರಲ್ಲಿತ್ತು, ಕೈ ಬರಲಿಲ್ಲ. ಈಗ ತಲೆ ತಗ್ಗಿಸುವ ಬದಲು ಅವಳು ಮೆಲ್ಲಗೆ ಎಂದಳು: "ಒಂದು ರೀತೀಲಿ ಒಳ್ಳೇದೇ ಆಯ್ತು ಸಿರಿ. ಇವತ್ತಲ್ಲ ನಾಳೆ ನಿಮಗೂ ಗೊತ್ತಾಗ್ಲೇಬೇಕಿತ್ತು."

"ನನಗಾ?" ಎಂದಳು ಸಿರಿ. "ನನಗ ಮೊದಲನೇ ದಿನಾನ ಗೊತ್ತಾಗೇತ್ರಿ. ಮದುವಿ ಆದಾಗಿಂದ ಡಬ್ಬಿ ತೊಳದು ತಂದ ಮನಶ್ಯಾ ಅಲ್ಲ ಅಂವ. ಅವತ್ತ ತೊಳದು ತಂದ, ಮಾಡಾಕ ಬ್ಯಾರೆ ಕೆಲಸಿಲ್ಲದವರಂಗ. ನಾ ಏನೂ ಕೇಳಲಿಲ್ಲ. ಮರುದಿನಾನೂ ರೊಟ್ಟಿ ಬಡದು ಕಟ್ಟಿ ಕೊಟ್ಟೆ. ಇವತ್ತಿನ ತನಕ ಕೊಟ್ಟೇನಿ. ಕೆಲಸ ಸಿಕ್ಕ ಮ್ಯಾಲ ತಾನ ನಕ್ಕೋತ ಹೇಳ್ಯಾನು ಅಂತ ಕಾಯಾಕತ್ತಿದ್ದೆ. ಅಲ್ಲೀ ತನಕ ಮನಿಯೊಳಗರ ತಲಿ ಎತ್ತಿ ಕೂಡ್ತಿದ್ದ. ನಿಮ್ಮ ಕತ್ಯಾಗ ಹೆಂಡತಿ ಏನೂ ತಿಳೀದಾಕಿ. ಎಲ್ಲಾ ನೋಡಿದ್ರಿ, ಅದೊಂದು ನೋಡಲಿಲ್ಲ."

ಸಿರಿ ಈಗ ಹಂಸಾಳನ್ನು ಬಿಟ್ಟು ಕಿಟಕಿಯ ಕಡೆಗೆ ನೋಡುತ್ತಿದ್ದಳು. ಅಲ್ಲಿ ಮೂಲೆಯ ಮೇಜಿನಲ್ಲಿ ಶಿವಕಿರಣ್ ಸಂಚಿಕೆ ತೆರೆದು ಕೂತಿದ್ದ. ತಟ್ಟೆಯ ಊಟ ಹಾಗೇ ಇತ್ತು. ಅವನು ತಲೆ ಎತ್ತಿ ಹಂಸಾಳನ್ನು ನೋಡಿದ. ಅವಳೆದುರು ಅದೇ ಸಂಚಿಕೆ ಹಿಡಿದು ನಿಂತ ಹೆಂಡತಿಯನ್ನು ನೋಡಿದ. ಎದ್ದು ಬಂದ.

"ಚಲೋ ಬರದೀರಿ," ಎಂದ ಹಂಸಾಗೆ, ಸಂಚಿಕೆಯನ್ನು ಅವಳ ಮುಂದಿಡುತ್ತಾ. ಆಮೇಲೆ ಹೆಂಡತಿಯ ಕಡೆ ತಿರುಗಿದ, ಮುಖ ನೋಡಲಿಲ್ಲ.

"ಸೋಮವಾರದಿಂದ ಡಬ್ಬಿ ಕಟ್ಟಬ್ಯಾಡ."

ಅವನು ಬಾಗಿಲ ಕಡೆ ನಡೆದ. ಸಿರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಓಡಿದಳು. ಹಂಸಾ ನಿಂತೇ ಇದ್ದಳು. ಥೂ, ಆ ಗಳಿಗೆಯಲ್ಲೂ ಅವಳಿಗೆ ಅನ್ನಿಸಿದ್ದು ಇಷ್ಟೇ: ತನ್ನ ಕಥೆ ಅವನ ಈ ಮಾತಿನಲ್ಲಿ ಮುಗಿಯಬೇಕಿತ್ತು.