ಮುಖಕ್ಕೆ ಕಲಸಿದ ಕಡಲೆಹಿಟ್ಟು

ಕೆಲವು ದಿನಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಮೊಸರಿಲ್ಲ... ಸಾರಿಗೆ ಟೊಮೆಟೊ ಇಲ್ಲ... ಎಲ್ಲವೂ ಮಗಳ ಮುಖದ ಮೇಲಿದೆ!

ಮಗಳು ದಾನಮ್ಮ ವಿಜಯಪುರದಲ್ಲಿ ಟ್ರಾಫಿಕ್ ಪೊಲೀಸ್. ಸರ್ಕಲ್‌ನಲ್ಲಿ ಬಿಸಿಲಿಗೆ ನಿಂತು ನಿಂತು ಮುಖ ಕಪ್ಪಾಗಿದೆ. ಟೋಪಿಯ ಪಟ್ಟಿ ಇರುವ ಜಾಗ ಮಾತ್ರ ತಿಳಿಯಾಗಿ ಉಳಿದಿದೆ.

ಭಾನುವಾರ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ನನ್ನ ಹೆಂಡತಿ ಶಿವಲೀಲಾಳ ಕೈ ಸುಮ್ಮನಿಲ್ಲ. ಫೋನಿಗೆ ಯಾರು ಯಾವ ಮನೆಮದ್ದು ಕಳಿಸಿದರೂ ಅದು ಸಂಜೆಯೊಳಗೆ ಮಗಳ ಮುಖಕ್ಕೆ!

ಕಡಲೆಹಿಟ್ಟು, ಮೊಸರು... ಸೌತೆಕಾಯಿ... ಲೋಳೆಸರ... ಕೊನೆಗೆ ನಿಂಬೆಹಣ್ಣನ್ನು ಹಾಗೇ ತಿಕ್ಕಿದಳು.

"ಅದು ಮುಖ ಐತಿ, ತಾಮ್ರದ ಕೊಡ ಅಲ್ಲ!" ಎಂದು ರೇಗಿದೆ. ಕೇಳುವವರು ಯಾರು?

ಭಾನುವಾರ ಬೆಳಿಗ್ಗೆ ನೋಡಿದರೆ ಮಗಳ ಮುಖವೆಲ್ಲ ಕೆಂಪಾಗಿ ಉರಿಯುತ್ತಿದೆ. ಶಿವಲೀಲಾ ಮತ್ತೊಂದು ಬಟ್ಟಲು ಕಡಲೆಹಿಟ್ಟು ಕಲಸಿಕೊಂಡು ಬಂದಳು!

ದಾನಮ್ಮನಿಗೂ ಸಾಕಾಗಿತ್ತು. "ಅವ್ವಾ, ಬಿಸಲಾಗ ನಿಂತರ ಟ್ಯಾನ್ ಆಗೇ ಆಗ್ತೈತಿ. ನಾಳೆ ಮತ್ತ ಅಲ್ಲೇ ನಿಂದರಾಕಿ ನಾನು! ಯಾಕ ಹಿಂಗ ಜೀವಾ ತಿಂತಿ?"

ಶಿವಲೀಲಾಳ ಕೈ ನಿಂತಿತು.

"ನನ್ನ ಮೊದಲ ನೋಡಾಕ ಬಂದವ್ರು... ಬಣ್ಣಾ ನೋಡಿ, ಕೊಟ್ಟ ಅವಲಕ್ಕಿ ಮುಟ್ಟದ ಎದ್ದು ಹೋದ್ರು. ತುಂಬಿದ ತಾಟು ನಾನ ವಾಪಸ್ ಒಳಗ ತಂದೀನಿ... ನನ್ನ ಮಗಳು ಹಂಗ ತರಬಾರದು."

ಮದುವೆಯಾಗಿ ಇಷ್ಟು ವರ್ಷವಾಯಿತು... ಈ ಮಾತನ್ನು ಅವಳು ನನಗೂ ಹೇಳಿರಲಿಲ್ಲ.

ದಾನಮ್ಮ ಬಟ್ಟಲು ಕಸಿದುಕೊಂಡು ಅಡುಗೆಮನೆಗೆ ನಡೆದಳು. ಆ ಹಿಟ್ಟಿಗೇ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಭಜಿ ಕರಿದಳು!

ಅಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು.

ಮಗಳು ಮುಖಕ್ಕೆ ಪೌಡರ್ ಕೂಡ ಹಚ್ಚದೆ, ಭಜಿಯ ತಟ್ಟೆಗಳನ್ನು ಹಿಡಿದು ಹೊರಗೆ ಬಂದಳು. ಆದರೆ ಮೊದಲ ತಟ್ಟೆಯನ್ನು ಬಂದವರಿಗೆ ಕೊಡಲಿಲ್ಲ.

ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿಯ ಕೈ ಹಿಡಿದು ಕರೆತಂದು, ಎಲ್ಲರ ಎದುರಿಗೆ ಕುರ್ಚಿಯ ಮೇಲೆ ಕೂರಿಸಿದಳು.

"ಅವ್ವಾ, ಮೊದಲ ನೀ ತಿನ್ನು."

ಆಮೇಲೆ ಅವರ ಕಡೆ ತಿರುಗಿದಳು. "ಇಕಿ ನಮ್ಮವ್ವ ರೀ. ನನ್ನ ಬಣ್ಣ ಇಕಿ ಕೊಟ್ಟಿದ್ದು, ಮ್ಯಾಲಿನ ಕಪ್ಪು ಬಿಸಲು ಕೊಟ್ಟಿದ್ದು. ನೀವೂ ತಗೋರಿ."

ಶಿವಲೀಲಾ ಒಂದು ಭಜಿ ಬಾಯಿಗಿಟ್ಟಳು... ಕಣ್ಣೀರು ಇಳಿಯತೊಡಗಿತು... ಅಳುತ್ತಲೇ "ಉಪ್ಪು ಕಮ್ಮಿ ಆಗೈತಿ" ಎಂದಳು.

ಬಂದವರು ತಟ್ಟೆ ಮುಟ್ಟಿದರಾ ಎಂದು ಆಮೇಲೆ ನೆಂಟರೆಲ್ಲ ಫೋನ್ ಮಾಡಿ ಕೇಳಿದ್ದೇ ಕೇಳಿದ್ದು. ನನಗೇನು ಗೊತ್ತು? ನಾನು ನೋಡುತ್ತಿದ್ದದ್ದು ನನ್ನ ಹೆಂಡತಿಯ ತಟ್ಟೆಯನ್ನು... ಅದು ಖಾಲಿಯಾಗಿತ್ತು.

*ಬಿಸಿಲು ಮಾಡಿದ ಕಲೆ ತಾನಾಗಿಯೇ ಹೋಗುತ್ತದೆ... ಮಂದಿ ಮಾಡಿದ ಕಲೆಗೆ ಮನೆಯವರೇ ಮದ್ದು.*

ನಿಮ್ಮ ಮನೆಯಲ್ಲಿ ತುಂಬಿದ ತಟ್ಟೆ ವಾಪಸ್ ತಂದವರು ಯಾರಿದ್ದಾರೆ... ಎಂದಾದರೂ ಕೇಳಿದ್ದೀರಾ?