ಜೋಳದ ಎಲೆಯ ಬಣ್ಣ

ಅಬ್ಬಾ ಬರುವಷ್ಟರಲ್ಲಿ ಕಾರನ್ನು ಹಿಂದಿನ ಶೆಡ್ಡಿಗೆ ತಳ್ಳಿಬಿಡಲೇ, ಇಲ್ಲ ಏನಾಗುತ್ತದೋ ಆಗಲಿ ಎಂದು ಹೀಗೇ ಬಿಡಲೇ? ಅಸ್ಫಾಕ ಬಿಸಿಗಾಳಿಯ ಗನ್ ಆರಿಸಿ ಕೆಳಗಿಟ್ಟ. ಬಾನೆಟ್ಟಿನ ಮೇಲೆ ಎಳೆದು ಅಂಟಿಸಿದ, ಬಣ್ಣದಂತೆಯೇ ಕಾಣುವ ಕರಿ ವಿನೈಲ್ ಹಾಳೆ ಇನ್ನೂ ಬೆಚ್ಚಗಿತ್ತು. ನಿನ್ನ ಅಂಗಡಿಯೇ ಹತ್ತಿರವೆಂದು ಕಣ್ಣಿನ ದವಾಖಾನೆಯಿಂದ ಸೀದಾ ಅಲ್ಲಿಗೇ ಬರುತ್ತಾರೆ, ಮನೆಗೆ ಕರೆದುಕೊಂಡು ಬಾ ಎಂದು ತಾಯಿ ಅಮೀನಾಬಿ ಈಗಷ್ಟೇ ಫೋನಿನಲ್ಲಿ ಹೇಳಿದ್ದಳು.

ಕಾರು ವಿದ್ಯಾನಗರದ ಗುರುಶಿದ್ದಪ್ಪನ ಹಳೆಯ ಫಿಯಾಟ್. ಅದಕ್ಕೆ ಹಸಿರು ಬಣ್ಣ ಹೊಡೆದವನು ಅಸ್ಫಾಕನ ತಂದೆಯೇ, ಗಾಡಿಗಳಿಗೆ ಬಣ್ಣ ಹೊಡೆಯುವ ಉಸ್ತಾದ ಮಕಬೂಲಸಾಬ. ಆಗ ಗುರುಶಿದ್ದಪ್ಪ ಶಿರಗುಪ್ಪಿಯ ತನ್ನ ಹೊಲದಿಂದ ಒಂದು ಜೋಳದ ಎಲೆ ಕಿತ್ತು ತಂದು, ಇದೇ ಬಣ್ಣ ಬೇಕು ಎಂದಿದ್ದನಂತೆ. ಎಲೆ ಮಧ್ಯಾಹ್ನಕ್ಕೇ ಬಾಡಿಹೋಯಿತು. ಬೆಳಿಗ್ಗೆ ಕಂಡ ಹಸಿರನ್ನು ಮಕಬೂಲಸಾಬ ನೆನಪಿನಿಂದಲೇ ಕಲಸಿದ. ಈಗ ಗುರುಶಿದ್ದಪ್ಪನ ಮಗ ವಿನೋದನಿಗೆ ಕರಿ ಕಾರು ಬೇಕಾಗಿತ್ತು. ಮಕಬೂಲನ ಬಣ್ಣ ಕೆರೆಯಕೂಡದು ಎಂದು ಗುರುಶಿದ್ದಪ್ಪ ಪಟ್ಟು ಹಿಡಿದಿದ್ದರಿಂದಲೇ ವಿನೋದ ಅಸ್ಫಾಕನ ಸ್ಟಿಕರ್ ಅಂಗಡಿಗೆ ಬಂದಿದ್ದ. ಬೇಡವಾದಾಗ ಹಾಳೆ ಸುಲಿದರಾಯಿತು, ಹಸಿರು ಇದ್ದ ಹಾಗೇ ಸಿಗುತ್ತದೆ.

ಮಕಬೂಲಸಾಬನಿಗೆ ಗೊತ್ತಿದ್ದ ಸ್ಟಿಕರ್ ಎಂದರೆ ನಂಬರ್ ಪ್ಲೇಟಿನ ರೇಡಿಯಂ ಅಕ್ಷರ, ಗಾಜಿನ ಮೇಲಿನ ಹೂಬಳ್ಳಿ, ಅಷ್ಟೇ; ಇಡೀ ಕಾರಿಗೇ ಹಾಳೆ ಹೊದಿಸುವುದನ್ನು ಅವನು ಕಂಡಿರಲಿಲ್ಲ. ಅಸ್ಫಾಕ ಸ್ಪ್ರೇ ಗನ್ ಕೈಬಿಟ್ಟು ಸ್ಟಿಕರ್ ಬೋರ್ಡು ತೂಗುಹಾಕಿದ ದಿನ, “ಗ್ವಾಡಿಗೆ ಪೋಸ್ಟರ್ ಹಚ್ಚಲಿ ಅಂತ ಕೈ ಹಿಡದು ಕಲಿಸಿದ್ನೇನು ನಿನಗ?” ಎಂದು ಎದ್ದುಹೋದವನು ತಾರಿಹಾಳದ ಈ ಅಂಗಡಿಯತ್ತ ಮತ್ತೆ ತಲೆಹಾಕಿರಲಿಲ್ಲ. ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತರೂ ಕೆಲಸದ ಮಾತು ಬರುತ್ತಿರಲಿಲ್ಲ. ಆ ಮೌನ ಅಸ್ಫಾಕನಿಗೆ ರೂಢಿಯಾಗಲೇ ಇಲ್ಲ. ಅಬ್ಬಾ ಒಂದು ಸಲವಾದರೂ ತನ್ನ ಕೆಲಸದ ಮೇಲೆ ಕೈಯಿಟ್ಟು ಛಲೋ ಆಗೇತಿ ಅನ್ನಬೇಕಿತ್ತು.

ಕಾರನ್ನು ಸರಿಸುವ ಮೊದಲೇ ಆಟೋ ಬಂದು ನಿಂತಿತು. ಕಣ್ಣಿಗೆ ಹನಿ ಹಾಕಿದ್ದರಿಂದ ಮಕಬೂಲಸಾಬನಿಗೆ ಕರಿ ಕನ್ನಡಕದ ಹಿಂದೆ ಎಲ್ಲವೂ ಮಂಜು. ಪೊರೆ ತೆಗೆಸಬೇಕಂತೆ ಎನ್ನುತ್ತ ಕುರ್ಚಿಗೆ ತಡಕಾಡಿದಾಗ ಕೈ ಕಾರಿಗೆ ತಾಗಿತು. ಪಕ್ಕದ ಗ್ಯಾರೇಜಿನಲ್ಲಿ ಲಾರಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಇಲ್ಲಿಯೂ ತುಂಬಿತ್ತು. ವರ್ಷಗಟ್ಟಲೆ ಪಾಲಿಶ್ ಕಾಗದ ತಿಕ್ಕಿ ಮಕಬೂಲಸಾಬನ ಬೆರಳುಗಳು ಜಡವಾಗಿದ್ದವು. ಅದಕ್ಕೇ ಅವನು ಮುಂಗೈ ಹೊರಳಿಸಿ ಕೈಯ ಹಿಂಬದಿಯಿಂದಲೇ ಬಣ್ಣದ ನುಣುಪು ನೋಡುತ್ತಿದ್ದ. ಈಗಲೂ ಹಾಗೆಯೇ ಬಾನೆಟ್ಟಿನ ಉದ್ದಕ್ಕೂ ನಿಧಾನವಾಗಿ ಸವರಿದ.

“ಮತ್ತ ಸ್ಪ್ರೇ ಗನ್ ಹಿಡದೀಯೇನು?”

“ಅಲ್ಲ ಅಬ್ಬಾ, ಇದು...” ಎಂದು ಅಸ್ಫಾಕ ಶುರುಮಾಡಿದ.

“ಒಂದ್ ಧೂಳಿನ ಕಾಳೂ ಕೂತಿಲ್ಲ. ಬಣ್ಣ ಎಲ್ಲೂ ಇಳದಿಲ್ಲ. ನನ್ನ ಕೈಯಾಗೂ ಇಷ್ಟು ಸಾಫ್ ಬರ್ತಿರಲಿಲ್ಲ. ಕೈ ಬಂತು ನಿನಗ.”

ಅಸ್ಫಾಕ ನೀರು ತರುವ ನೆಪದಲ್ಲಿ ಅತ್ತ ತಿರುಗಿದ. ಮಕಬೂಲಸಾಬ ಮತ್ತೆ ಉಸ್ತಾದನಾಗಿದ್ದ. ವಾರದ ತನಕ ತೊಳೆಯಬಾರದು, ಒಣ ಧೂಳನ್ನು ಒಣ ಅರಿವೆಯಿಂದ ಒರೆಸಬಾರದು, ಬಿಸಿಲಿಗೆ ನಿಲ್ಲಿಸಬಾರದು, ಗಾಡಿಯವರಿಗೆ ತಿಳಿಸಿ ಹೇಳು ಎಂದ. ಹಾಳೆಗೂ ಅದೇ ಪಥ್ಯ. ಅಸ್ಫಾಕ ವಿನೋದನಿಗೆ ಅದನ್ನೇ ಹೇಳಬೇಕೆಂದಿದ್ದ.

“ಫಿಯಾಟ್ ಅಲ್ಲೇನು ಇದು? ಯಾರದು?”

“ವಿದ್ಯಾನಗರದ ಗುರುಶಿದ್ದಪ್ಪನವರದು, ಅಬ್ಬಾ.”

ಸವರುತ್ತಿದ್ದ ಕೈ ನಿಂತಿತು.

“ಹಸರು ಇತ್ತದು.”

“ಹೌದು.”

“ಪೂರಾ ತಿಕ್ಕಿ ತಗದಿ?”

ಹೂಂ ಎಂದರೆ ಸುಳ್ಳು. ಇಲ್ಲ ಎಂದರೆ, ಇಷ್ಟು ದಿನ ಕಾದು ಸಿಕ್ಕ ಆ ಒಂದು ಮಾತು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅಸ್ಫಾಕ ನೀರಿನ ಲೋಟವನ್ನು ಅಬ್ಬಾನ ಕೈಗಿತ್ತ.

“ತಿಕ್ಕಬೇಕ ಮತ್ತ,” ಮಕಬೂಲಸಾಬ ತಾನೇ ಹೇಳಿಕೊಂಡ. “ತಿಕ್ಕದಿದ್ರ ಹೊಸಾದು ಹಿಡಿಯಂಗಿಲ್ಲ. ನಾನೂ ಎಷ್ಟೋ ಮಂದೀದು ತಿಕ್ಕೇನಿ.”

ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹನಿ ಹಾಕಿದ್ದು ಇನ್ನೂ ಉರಿಯುತ್ತಿದೆ ಎಂದ.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಅಬ್ಬಾನ ಕೈ ದಾರಿಯುದ್ದಕ್ಕೂ ಅಸ್ಫಾಕನ ಹೆಗಲ ಮೇಲಿತ್ತು. ಹಸಿರು ಒಳಗೆ ಹಾಗೆಯೇ ಇದೆ ಎಂದು ಅಸ್ಫಾಕ ಹೇಳಲಿಲ್ಲ.